ಚರಬಿ ಡಬ್ಬಿಯ ಮನೆ

ನನ್ನ ಮೊಮ್ಮಗಳು ಗಂಗಾ ಫೌಜಿನ ಠಾಣ್ಯವೊಂದರಲ್ಲಿ ಬೆಂಕಿ ಆರಿಸುವ ಪಡೆಗೆ ಮುಖ್ಯಸ್ಥಳಾದಳು ಎಂಬ ಸುದ್ದಿ ಬಂದ ದಿನ ನಾನು ಓಣಿಗೆಲ್ಲ ಪೇಢಾ ಹಂಚಿದೆ. ಎಷ್ಟೋ ವರ್ಷಗಳಿಂದ ಮಾತು ಬಿಟ್ಟಿದ್ದ ಎದುರುಮನೆಯವಳಿಗೂ ಎರಡು ಕೊಟ್ಟೆ. ಏನ್ರಿ ವಿಶೇಷ ಅಂತ ಆಕೆ ಕೇಳಿದಾಗ ಹೇಳಲಿಕ್ಕೆ ಬಾಯಿ ತೆರೆದರೆ ಅಳು ಬಂತು, ಅಳುವಿನೊಳಗಿಂದ ನಗು ಬಂತು. ಆಕೆ ಗಾಬರಿಯಾಗಿ ನನ್ನನ್ನು ಒಳಗೆ ಕರೆದು ಕೂರಿಸಿ ನೀರು ಕೊಟ್ಟಳು, ಹಳೆಯ ಜಗಳ ಅಲ್ಲೇ ಮುಗಿಯಿತು. ಮೂರು ಕೆಂಪು ಗಾಡಿಗಳಂತೆ, ಅಷ್ಟು ಮಂದಿ ಗಂಡಸರು ಇವಳು ಹೇಳಿದಂತೆ ಓಡುತ್ತಾರಂತೆ. ಮೂರು ದಿನ ನನಗೆ ಊಟ ಸೇರಲಿಲ್ಲ, ಹೊಟ್ಟೆಯೆಲ್ಲ ಸಂತೋಷವೇ ತುಂಬಿತ್ತು. ಆದರೆ ಆಕೆ ರಜೆಗೆ ಬಂದಾಗ ಬಾಗಿಲಲ್ಲೇ ಅಪ್ಪಿಕೊಂಡೆ ನೋಡಿ, ಅಂಗಿಯಿಂದ ಒಂದು ವಾಸನೆ ಬಂತು. ಹೊಗೆ, ಒದ್ದೆ ಕ್ಯಾನ್ವಾಸು, ಅದರ ಕೆಳಗೆ ಜಿಡ್ಡು. ಒಮ್ಮೆಲೇ ಕೈ ಬಿಟ್ಟು ಹಿಂದೆ ಸರಿದೆ. ಎಪ್ಪತ್ತು ವರ್ಷದ ಮೇಲಾಯಿತು, ಆ ವಾಸನೆ ನನ್ನನ್ನು ಬಿಟ್ಟಿಲ್ಲ. ನಾನು ಎರಡು ಇಯತ್ತೆ ಉರ್ದು ಸಾಲಿ ಕಲಿತವಳು, ಕನ್ನಡ ಅಕ್ಷರ ಕಲಿತದ್ದು ಮದುವೆಯಾದ ಮೇಲೆ. ಆದರೂ ಇದನ್ನು ನಾನೇ ಬರೆಯಬೇಕು. ಗಂಗಾಳಿಗಿಂತ ಮುಂಚೆ ನಮ್ಮ ಮನೆಯಲ್ಲಿ ಇನ್ನೊಬ್ಬರು ಇದೇ ಕೆಲಸದಲ್ಲಿದ್ದರು, ಆ ಕೆಲಸವನ್ನು ಅವರಿಂದ ಕಿತ್ತವಳು ನಾನು.

ಬೀದರದಿಂದ ಜನವಾಡಕ್ಕೆ ಹೋಗುವ ದಾರಿಯಲ್ಲಿ ಸಂಸ್ಥಾನದ ಫೌಜಿಗೆ ಸೇರಿದ ಒಂದು ದೊಡ್ಡ ಉಗ್ರಾಣವಿತ್ತು. ಕುದುರೆಗಳ ಹುಲ್ಲು, ಡೇರೆ, ಜೀನು, ಒಂದು ಮೂಲೆಗೆ ಕೆಂಪು ಕಲ್ಲಿನ ಗೋಡೆಯೊಳಗೆ ಬಾರೂದು, ಅಂದರೆ ಬಂದೂಕಿನ ಮದ್ದು. ಅಲ್ಲಿ ಬೆಂಕಿ ಬಿದ್ದರೆ ಆರಿಸಲಿಕ್ಕೆ ಒಂದು ಕೈಬಂಬು. ಬಂಬು ಅಂದರೆ ನಾಲ್ಕು ಗಾಲಿಯ ಮೇಲೆ ಕೂತ ನೀರೆತ್ತುವ ಯಂತ್ರ, ಆಚೆ ನಾಲ್ವರು ಈಚೆ ನಾಲ್ವರು ನಿಂತು ಉದ್ದನೆಯ ದಂಡಿಗೆಯನ್ನು ಮೇಲೆ ಕೆಳಗೆ ಒತ್ತಬೇಕು. ನಮ್ಮಪ್ಪ ಅದರ ಜಮಾದಾರ. ಬಂಬಿನ ಕೊಟ್ಟಿಗೆಗೆ ಹತ್ತಿಕೊಂಡೇ ನಮ್ಮ ಎರಡು ಖೋಲಿ. ಮುಂದಿನ ಖೋಲಿಯಲ್ಲಿ ನೀರಿನ ಕ್ಯಾನ್ವಾಸು ಪೈಪುಗಳು ಹಾವಿನ ಹಾಗೆ ಜಂತಿಗೆ ಜೋತಾಡುತ್ತಿದ್ದವು, ಒಣಗುವ ಹೊತ್ತಿಗೆ ಬೂಸಲು ವಾಸನೆ. ಹಿಂದಿನ ಖೋಲಿಯಲ್ಲಿ ಅಡಿಗೆ, ಮಲಗುವುದು, ಪೂಜೆ ಎಲ್ಲ. ಅಂಗಳದ ಉದ್ದಕ್ಕೂ ಕೆಂಪು ಬಕೀಟುಗಳ ಸಾಲು. ಅವುಗಳ ತಳ ಗುಂಡಗೆ, ನೆಲಕ್ಕಿಟ್ಟರೆ ಉರುಳುತ್ತಿದ್ದವು. ಯಾರೂ ಮನೆಗೆ ಒಯ್ಯಬಾರದು ಅಂತಲೇ ಹಾಗೆ ಮಾಡಿಸಿದ್ದರು. ಒಯ್ಯಲಿಲ್ಲ, ಖರೆ, ಆದರೆ ಉಸುಕು ತುಂಬಿದ ಆ ಬಕೀಟಿನೊಳಗೆ ಸಿಪಾಯಿಗಳು ಪಾನು ಉಗುಳುತ್ತಿದ್ದರು, ಬೀಡಿ ತುಂಡು ಚುಚ್ಚುತ್ತಿದ್ದರು, ಬೆಕ್ಕುಗಳು ಬಂದು ತಮ್ಮ ಕೆಲಸ ಮುಗಿಸುತ್ತಿದ್ದವು. ಅಪ್ಪ ದಿನಾ ಮುಂಜಾನೆ ಒಂದೊಂದು ಬಕೀಟಿಗೂ ಬಗ್ಗಿ ಮೂಸುತ್ತಿದ್ದರು. ಹೊಲಸು ಸಿಕ್ಕಿದ್ದನ್ನು ಬರಿಗೈಯಲ್ಲೇ ತೆಗೆದು ಎಸೆಯುತ್ತಿದ್ದರು. ಅದನ್ನು ನೋಡಿದ ಮೇಲೆ ಮುಂಜಾನೆಯ ರೊಟ್ಟಿಯನ್ನು ನಾನು ಅಂಗಳದ ನಾಯಿಗೆ ಹಾಕುತ್ತಿದ್ದೆ.

ಇದೆಲ್ಲ ಸಣ್ಣದು, ಮುಖ್ಯ ಹೇಸಿಗೆ ಚರಬಿಯದು. ಬಂಬಿನ ಹೊಟ್ಟೆಯಲ್ಲಿ ಎರಡು ಹಿತ್ತಾಳೆಯ ಕೊಳವೆ, ಅವುಗಳೊಳಗೆ ಮೇಲೆ ಕೆಳಗೆ ಜಾರುವ ತೊಗಲಿನ ಬಟ್ಟಲುಗಳು. ಆ ತೊಗಲು ಮೆತ್ತಗಿದ್ದರೆ ನೀರು ಏಳುತ್ತದೆ, ಒಣಗಿದರೆ ಬಂಬು ಬರೀ ಕೆಮ್ಮುತ್ತದೆ. ಮೆತ್ತಗಿಡಲಿಕ್ಕೆ ಕುರಿಯ ಚರಬಿ, ಅಂದರೆ ಕೊಬ್ಬು, ತಿಕ್ಕಬೇಕು. ಕೊಟ್ಟಿಗೆಯಲ್ಲಿಟ್ಟರೆ ಇಲಿ ಹೆಗ್ಗಣ ತಿನ್ನುತ್ತವೆಂದು ಅಪ್ಪ ಚರಬಿಯ ಡಬ್ಬಿಯನ್ನು ಮನೆಯಲ್ಲೇ ಇಟ್ಟಿದ್ದರು. ನಾವು ಲಿಂಗ ಕಟ್ಟುವ ಮಂದಿ. ಉಳ್ಳಾಗಡ್ಡಿ ಹೆಚ್ಚಿದರೂ ಪೂಜೆಯ ದಿನ ಕೈ ತೊಳೆಯುವ ಮನೆ. ಅಂಥ ಮನೆಯ ಅಂಗಳದಲ್ಲಿ ವಾರಕ್ಕೊಮ್ಮೆ ಮೂರು ಕಲ್ಲಿಟ್ಟು, ಅದರ ಮೇಲೆ ಡಬ್ಬಿಯಿಟ್ಟು ಚರಬಿ ಕರಗಿಸುತ್ತಿದ್ದರು. ಆ ನಾತ ಗೋಡೆ ಹಿಡಿಯಿತು, ಹಾಸಿಗೆ ಹಿಡಿಯಿತು, ಜೋಳದ ಹಿಟ್ಟನ್ನೂ ಹಿಡಿಯಿತು. ಅವ್ವ ಮೂಗಿಗೆ ಸೆರಗು ಮುಚ್ಚಿ ವಾರವಾರ ಅದೇ ಜಗಳ ತೆಗೆಯುತ್ತಿದ್ದಳು.

"ಕೊಳ್ಳಾಗ ಲಿಂಗ, ಕೈಯಾಗ ಇದು. ನಿಮಗ ಹೇಸಿಗಿ ಬರಂಗಿಲ್ಲೇನ್ರಿ?"

"ಲಿಂಗ ಎದಿ ಮ್ಯಾಲ ಅದ, ಚರಬಿ ಬೆರಳಿಗದ. ನಡುವ ಒಂದು ಮೊಳ ಜಾಗಾ ಅದಲ್ಲ," ಅನ್ನುತ್ತಿದ್ದರು ಅಪ್ಪ.

"ನಗೂದೇನು ಬ್ಯಾಡ. ಭಾಲ್ಕಿಯಿಂದ ನಮ್ಮಣ್ಣ ಬಂದ್ರ ಇಲ್ಲಿ ನೀರು ಸೈತ ಕುಡಿಯಂಗಿಲ್ಲ."

"ಕುಡೀದಿದ್ರ ನೀರು ಉಳೀತದ. ಬೆಂಕಿಗಿ ಬೇಕಾಗ್ತದ."

ಅಪ್ಪನಿಗೆ ಒಂದೇ ನೇಮ. ದುಡಿಯುವ ಕೆಲಸಕ್ಕೆ ಹೇಸಬಾರದು, ಮತ್ತು ಮೂಸದೆ ಬಂಬಿಗೆ ಏನೂ ಹಾಕಬಾರದು. ಬಟ್ಟಲುಗಳ ಮಡಿಕೆಯೊಳಗೆ ದೊಡ್ಡವರ ಬೆರಳು ಹೋಗುತ್ತಿರಲಿಲ್ಲ. ನನಗಾಗ ಒಂಬತ್ತು ವರ್ಷವಿರಬೇಕು, ನನ್ನ ಬೆರಳು ಹೋಗುತ್ತಿದ್ದವು. ಹಾಗಾಗಿ ಗುರುವಾರ ಸಂಜೆ ಬಟ್ಟಲುಗಳಿಗೆ ಚರಬಿ ತಿಕ್ಕುವ ಕೆಲಸ ನನ್ನ ಪಾಲಿಗೆ ಬಂತು. ಬಂಬಿನ ಮಿಸ್ತ್ರಿ ಖಾದರ ಚಾಚಾ ಅವನ್ನು ಬಿಚ್ಚಿ ತಂದು ಕೊಡುತ್ತಿದ್ದ, ನಾನು ತಿಕ್ಕಿ ಒಲೆಯ ಮೇಲಿನ ಹಲಗೆಗೆ ಸಾಲಾಗಿ ಇಡುತ್ತಿದ್ದೆ, ಶನಿವಾರ ಅಪ್ಪ ಒಂದೊಂದನ್ನೂ ಮೂಸಿ ಹಿಸುಕಿ ನೋಡಿ ಚಾಚಾನ ಕೈಗೆ ಹಾಕುತ್ತಿದ್ದರು. ಉಗುರ ಸಂದಿಯ ಚರಬಿ ಎಷ್ಟು ಬೂದಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಪ್ಪ ರೊಟ್ಟಿಗೆ ಬೆಲ್ಲ ತುಪ್ಪ ಹಚ್ಚಿ ಮೊದಲ ತುತ್ತು ನನ್ನ ಬಾಯಿಗೆ ಹಿಡಿಯುತ್ತಿದ್ದರು. ಅವರ ಬೆರಳು ನನ್ನ ಬೆರಳಿನ ಹಾಗೇ ನಾರುತ್ತಿತ್ತು. ನಾನು ಮುಖ ತಿರುಗಿಸುತ್ತಿದ್ದೆ. ಅವರು ಆ ತುತ್ತನ್ನು ತಾವೇ ತಿನ್ನುತ್ತಿದ್ದರು, ಮರುದಿನ ಮತ್ತೆ ಹಿಡಿಯುತ್ತಿದ್ದರು.

ಸಂಸ್ಥಾನವನ್ನು ಹಿಂದುಸ್ತಾನಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಗೆ ಸ್ವಲ್ಪ ಮುಂಚೆ ಹಳ್ಳಿಗಳಲ್ಲಿ ಲೂಟಿ, ಬೆಂಕಿ ಶುರುವಾದವು. ಭಾಲ್ಕಿಯಲ್ಲಿ ಬಟ್ಟೆ ಅಂಗಡಿಯಿಟ್ಟಿದ್ದ ನಮ್ಮ ಮಾಮಾ, ಅಂದರೆ ಅವ್ವನ ಅಣ್ಣ, ಹೆಂಡತಿಯನ್ನು ಕಟ್ಟಿಕೊಂಡು ಜೀವ ಉಳಿಸಿಕೊಳ್ಳಲಿಕ್ಕೆ ನಮ್ಮ ಖೋಲಿಗೇ ಬಂದು ಬಿದ್ದ. ಉಗ್ರಾಣದ ಗೋಡೆಯೊಳಗೆ ಯಾರೂ ನುಗ್ಗುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಯಾವ ಮನೆಯಲ್ಲಿ ನೀರು ಕುಡಿಯುವುದಿಲ್ಲ ಅನ್ನುತ್ತಿದ್ದನೋ ಅದೇ ಮನೆಯಲ್ಲಿ ಹೊತ್ತಿಗೆ ನಾಲ್ಕು ರೊಟ್ಟಿ ತಿಂದ. ತಿನ್ನುವಾಗ ಎಡಗೈಯಲ್ಲಿ ಮೂಗು ಹಿಡಿದುಕೊಳ್ಳುತ್ತಿದ್ದ, ಬಲಗೈಯಲ್ಲಿ ಪಲ್ಯ ಬಳಿಯುತ್ತಿದ್ದ, ತಿಂದು ತೇಗಿ ಅಂಗಳದ ಉಸುಕಿನ ಬಕೀಟಿಗೆ ಉಗುಳುತ್ತಿದ್ದ. ಚರಬಿಗಿಂತ ನನಗೆ ಆ ತೇಗೇ ಹೆಚ್ಚು ಹೊಲಸು ಅನಿಸಬೇಕಿತ್ತು. ಆಗ ಅನಿಸಲಿಲ್ಲ. ಒಂದು ಸಂಜೆ ಅವನು ನನ್ನನ್ನು ಹತ್ತಿರ ಕರೆದ.

"ನೀಲಾ, ಬಾ ಇಲ್ಲಿ. ಕೈ ಕೊಡು." ನನ್ನ ಬೆರಳು ಮೂಸಿ ದೂರ ತಳ್ಳಿದ. "ಥೂ. ಸತ್ತ ಕುರಿ ನಾತ. ಇಂಥಾ ಕೈ ಯಾವಾಂವ ಹಿಡೀತಾನ? ನಿಮ್ಮಪ್ಪನ ಬಂಬಿಗೇ ಕೊಟ್ಟು ಲಗ್ನಾ ಮಾಡಬೇಕು ನಿನ್ನ."

ಅತ್ತಿ, ಮಾಮಾನ ಹೆಂಡತಿ, ಕಿಸಕ್ಕನೆ ನಕ್ಕಳು. ಅವ್ವ ಒಲೆಯ ಕಡೆ ಮುಖ ಮಾಡಿ ಕೂತಳು. ನಾನು ಹಿತ್ತಲಿಗೆ ಹೋಗಿ ಕೈಗೆ ಬೂದಿ ತಿಕ್ಕಿದೆ, ಉಸುಕು ತಿಕ್ಕಿದೆ, ಇಟ್ಟಂಗಿ ಪುಡಿ ತಿಕ್ಕಿದೆ. ಚರ್ಮ ಸುಲಿದು ರಕ್ತ ಬಂತು. ರಕ್ತವೂ ಚರಬಿಯ ಹಾಗೇ ನಾರಿತು.

ಔರಾದ ತಾಲೂಕಿನ ಚಿಂತಾಕಿಯಲ್ಲಿ ನಮ್ಮ ಅಜ್ಜನ ಹೊಲವಿತ್ತು. ಅಲ್ಲಿ ಎತ್ತು ಹೂಡಿ ಬಾವಿಯಿಂದ ನೀರೆಳೆಯುವ ತೊಗಲಿನ ಚೀಲಕ್ಕೆ, ಮೋಟ ಅನ್ನುತ್ತೇವೆ, ಕುಸುಬಿ ಎಣ್ಣೆ ಹಚ್ಚುವುದನ್ನು ನಾನು ನೋಡಿದ್ದೆ. ಅದೂ ತೊಗಲು, ಇದೂ ತೊಗಲು. ಅದೂ ನೀರಿಗೆ, ಇದೂ ನೀರಿಗೆ. ನನ್ನ ತಲೆಗೆ ಅಷ್ಟು ಸಾಕಾಯಿತು. ಆ ಗುರುವಾರ ಅವ್ವನ ಅಡಿಗೆಯ ಕುಸುಬಿ ಎಣ್ಣೆಯ ಗಡಿಗೆಯಿಂದ ಒಂದು ಲೋಟದಷ್ಟು ಕದ್ದು ತೊಗಲಿಗೆಲ್ಲ ತಿಕ್ಕಿದೆ. ಡಬ್ಬಿಯ ಚರಬಿ ಕಡಿಮೆಯಾದಂತೆ ಕಾಣಲೆಂದು ಒಂದು ಹಿಡಿ ತೆಗೆದು ನಾಯಿಗೆ ಹಾಕಿದೆ. ಕೈ ಮೂಸಿ ನೋಡಿದೆ. ಒಗ್ಗರಣೆಯ ಹಾಗೆ ಘಮಘಮ ಅಂತಿತ್ತು. ಮುಂದಿನ ಗುರುವಾರವೂ ಹಾಗೇ ಮಾಡಿದೆ. ಅಪ್ಪ ಹಿಡಿಯಬೇಕಿತ್ತು. ಆದರೆ ಆ ಎರಡು ವಾರ ಆಕಾಶದಲ್ಲಿ ವಿಮಾನ ಹಾರುತ್ತಿದ್ದವು, ಹುಲ್ಲಿನ ಬಣವೆಗಳನ್ನು ಬಾರೂದಿನಿಂದ ದೂರ ಸರಿಸುವ ಹುಕುಂ ಬಂದಿತ್ತು, ಅಪ್ಪ ಹಗಲೆಲ್ಲ ಅಲ್ಲೇ ಇರುತ್ತಿದ್ದರು. ಎರಡೂ ಶನಿವಾರ ಓಡುತ್ತ ಬಂದು ಬಾಗಿಲಲ್ಲೇ ನಿಂತು ಕೇಳಿದರು.

"ತಿಕ್ಕಿದೇನವ್ವ?"

"ತಿಕ್ಕೀನ್ರಿ ಅಪ್ಪಾ."

"ನನ್ನ ಮಗಳು ತಿಕ್ಕ್ಯಾಳ ಅಂದ್ರ ಮುಗೀತು. ಖಾದರ, ಒಯ್ಯಿ, ಕೂಡಿಸು."

ಬಂಬಿಗೆ ಮೂಸದೆ ಹಾಕಿದ್ದು ಅವರ ಜನ್ಮದಲ್ಲಿ ಆ ಎರಡು ಸಲವೇ.

ಆಮೇಲಿನ ವಾರದಲ್ಲಿ ಹಳೆಯ ಅಮಲದಾರರೆಲ್ಲ ಒಂದೇ ಮುಂಜಾನೆಯಲ್ಲಿ ಉಗ್ರಾಣ ಬಿಟ್ಟು ಹೋದರು, ಹಿಂದುಸ್ತಾನದ ಫೌಜು ಬಂತು. ಅಪ್ಪ ಬಾಗಿಲಲ್ಲಿ ನಿಂತು ಬಂಬಿನ ಕೀಲಿಕೈ ಒಪ್ಪಿಸಲು ಹೋದರು. ಹೊಸ ಕಪ್ತಾನ ಕೀಲಿಕೈ ಅವರಿಗೇ ತಿರುಗಿ ಕೊಟ್ಟು, ಬಂಬನ್ನು ನಡೆಸಿ ತೋರಿಸಲಿ, ಚೆನ್ನಾಗಿದ್ದರೆ ಎಲ್ಲರನ್ನೂ ಇಟ್ಟುಕೊಳ್ಳುತ್ತೇನೆ ಅಂದ. ಎಲ್ಲರನ್ನೂ ಅನ್ನುವ ಮಾತು ಬಹಳ ದೊಡ್ಡದಿತ್ತು. ಊರಲ್ಲಿ, ಹಳ್ಳಿಗಳಲ್ಲಿ ಆಗ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಳ್ಳುವವರ ಕಾಲ ಬಂದಿತ್ತು. ಮೊದಲು ಸಂಸ್ಥಾನದ ಕಡೆಯವರು ಮಾಡಿದ್ದು ಹೇಸಿಗೆಯಾದರೆ ಆಮೇಲೆ ನಮ್ಮವರು ಮಾಡಿದ್ದೂ ಹೇಸಿಗೆಯೇ, ಅದನ್ನು ನಾನು ಬಾಯಿಬಿಟ್ಟು ಹೇಳುತ್ತೇನೆ. ಖಾದರ ಚಾಚಾ ಹೆಂಡತಿ ಮಕ್ಕಳನ್ನು ಕರೆತಂದು ಬಂಬಿನ ಕೊಟ್ಟಿಗೆಯಲ್ಲೇ ಇಟ್ಟುಕೊಂಡಿದ್ದ. ಉಗ್ರಾಣದ ಗೋಡೆ ದಾಟಿ ಹೊರಗೆ ಹೋದರೆ ಅವರು ಉಳಿಯುತ್ತಿದ್ದರೋ ಇಲ್ಲವೋ ದೇವರಿಗೇ ಗೊತ್ತು.

ತೋರಿಸುವ ದಿನ ಬೆಳಿಗ್ಗೆ ಅಪ್ಪ ತಮ್ಮ ಜಮಾದಾರಿಕೆಯ ನಡುಪಟ್ಟಿಯ ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕಿ ಬೆಳಗಿಸಿದ್ದರು. ಅಂಗಳದ ಸುತ್ತ ಸಿಪಾಯಿಗಳು, ಕೂಲಿಯವರು. ಮಾಮಾ ಹೊಸ ಪಟಕಾ ಸುತ್ತಿಕೊಂಡು ಕಪ್ತಾನನ ಪಕ್ಕಕ್ಕೇ ಹೋಗಿ ನಿಂತಿದ್ದ. ಅವ್ವ ನಾನು ಬೇವಿನ ಗಿಡದ ಕೆಳಗೆ. ಎಂಟು ಮಂದಿ ದಂಡಿಗೆ ಹಿಡಿದರು. ಅಪ್ಪ ಕೈ ಎತ್ತಿ ಇಳಿಸಿದರು. ದಂಡಿಗೆ ಅಲುಗಲಿಲ್ಲ. ಎಂಟು ಮಂದಿ ಮೈಭಾರ ಹಾಕಿ ಒತ್ತಿದರು. ಒಳಗೆ ಹಪ್ಪಳ ಮುರಿದ ಹಾಗೆ ಸಪ್ಪಳವಾಯಿತು, ಪೈಪಿನ ಬಾಯಿ ಒಮ್ಮೆ ಕೆಮ್ಮಿ ಒಂದು ಲೋಟದಷ್ಟು ಕಂದು ನೀರನ್ನು ಕಪ್ತಾನನ ಬೂಟಿನ ಮೇಲೆ ಕಕ್ಕಿತು. ಯಾರೂ ನಗಲಿಲ್ಲ.

ಮಾಮಾ ಅಂಗಡಿಯಲ್ಲಿ ಕಲಿತ ಹಿಂದುಸ್ತಾನಿಯಲ್ಲಿ ಮೆಲ್ಲಗೆ ಅಂದ, ಅದನ್ನು ಕನ್ನಡದಲ್ಲಿ ಬರೆಯುತ್ತೇನೆ:

"ಸಾಹೇಬರ, ಇದನ್ನ ಬಿಚ್ಚೋದು, ಕೂಡಿಸೋದು ಎಲ್ಲಾ ಆ ಮಿಸ್ತ್ರಿನೇ. ಖಾದರ ಅಂತ ಹೆಸರು. ಬೇಕಂತನ ಕೆಡಿಸ್ಯಾನ. ಬಾರೂದು ಸುಡಬೇಕಂತ ಇರಬೇಕು."

ಇಬ್ಬರು ಸಿಪಾಯಿಗಳು ಚಾಚಾನ ರಟ್ಟೆ ಹಿಡಿದರು. "ಮೈ ಕುಛ್ ನೈ ಕರಾ ಸಾಬ," ಅಂದ, ನಾನೇನೂ ಮಾಡಿಲ್ಲ ಅಂತ ಮತ್ತೆ ಮತ್ತೆ ಅದನ್ನೇ ಅಂದ. ಕೊಟ್ಟಿಗೆಯೊಳಗಿಂದ ಅವನ ಹೆಂಡತಿಯ ಅಳು ಕೇಳಿಸಿತು. ಅಪ್ಪ ಯಾರ ಕಡೆಗೂ ನೋಡದೆ ಬಂಬಿನ ಮುಚ್ಚಳ ಬಿಚ್ಚಿದರು. ಬಟ್ಟಲು ಹೊರಗೆ ತೆಗೆದರು. ಅದು ಅಂಟು ಹಿಡಿದು, ಗಟ್ಟಿಯಾಗಿ, ಎರಡು ಕಡೆ ಸೀಳಿತ್ತು. ಮೂಗಿಗೆ ಹಿಡಿದರು. ಮತ್ತೊಮ್ಮೆ ಹಿಡಿದರು. ನಾಲಿಗೆಯ ತುದಿಗೆ ತಾಗಿಸಿದರು. ಆಮೇಲೆ ತಲೆ ಎತ್ತಿ ಬೇವಿನ ಗಿಡದ ಕಡೆ ನೋಡಿದರು.

ನಾನು ಹೇಳಲಿಕ್ಕೆ ಬಾಯಿ ತೆರೆದೆ. ಖರೆ ಹೇಳುತ್ತೇನೆ, ತೆರೆದೆ. ಹಿಂದಿನಿಂದ ಅವ್ವನ ಅಂಗೈ ಬಂದು ನನ್ನ ಬಾಯಿಯ ಮೇಲೆ ಕೂತಿತು. ಆ ಕೈ ಕುಸುಬಿ ಎಣ್ಣೆ ನಾರುತ್ತಿತ್ತು. ಗಡಿಗೆಯಲ್ಲಿ ಎಣ್ಣೆ ಇಳಿದದ್ದು ಆಕೆಗೆ ಮೊದಲೇ ಗೊತ್ತಿತ್ತು, ಚರಬಿ ಮನೆಯಿಂದ ಹೋದರೆ ಸಾಕೆಂದು ಸುಮ್ಮನಿದ್ದಳು. ನಾನು ಆ ಅಂಗೈಯನ್ನು ಕಚ್ಚಬಹುದಿತ್ತು. ಕಚ್ಚಲಿಲ್ಲ.

"ಮಿಸ್ತ್ರಿದು ತಪ್ಪಿಲ್ಲ ಸಾಹೇಬ," ಅಂದರು ಅಪ್ಪ. "ಇದಕ್ಕ ಚರಬಿ ಹಚ್ಚಬೇಕಿತ್ತು. ಅಡಿಗಿ ಎಣ್ಣಿ ಹಚ್ಚೀನಿ. ನಾನೇ ಹಚ್ಚೀನಿ."

"ಯಾಕೆ?"

ಅಪ್ಪ ಕೈಯಲ್ಲಿದ್ದ ಬಟ್ಟಲನ್ನು ಬಂಬಿನ ಮೇಲಿಟ್ಟರು. ಆಮೇಲೆ ಅವರ ಬಾಯಿಂದ ಎಂದೂ ಬರದ ಮಾತು ಬಂತು.

"ನಾವು ಲಿಂಗವಂತರು. ಚರಬಿ ಮುಟ್ಟಲಿಕ್ಕ ನನಗ ಹೇಸಿಗಿ ಆಗ್ತದ."

ಕಪ್ತಾನ ತನ್ನ ಬೂಟು ನೋಡಿಕೊಂಡ, ಅಪ್ಪನ ಮುಖ ನೋಡಿದ. ಸತ್ತ ಇಲಿಯನ್ನು ನೋಡುವ ಹಾಗೆ ನೋಡಿದ. ತನ್ನ ಕೆಲಸಕ್ಕೆ ತಾನೇ ಹೇಸುವ ಮನುಷ್ಯನ ಕೈಯಲ್ಲಿ ಬಾರೂದಿನ ಪಕ್ಕದ ಬಂಬನ್ನು ಬಿಡಲಾರೆ ಅಂದ. ಪಟ್ಟಿ ಬಿಚ್ಚಿಸಿದ. ಚಾಚಾನನ್ನು ಕರೆದು, ನಿನಗೆ ಚರಬಿಗೆ ಹೇಸಿಗೆಯೇನಾದರೂ ಇದೆಯೋ ಅಂತ ಕೇಳಿದ. ಚಾಚಾ ಇಲ್ಲವೆಂದು ತಲೆಯಾಡಿಸಿದ. ಹಾಗಾದರೆ ಇನ್ನು ಮುಂದೆ ನೀನೇ ಜಮಾದಾರ ಅಂದ.

ಆ ಮಧ್ಯಾಹ್ನವೇ ಖೋಲಿ ಖಾಲಿ ಮಾಡಬೇಕಾಯಿತು. ಅಪ್ಪ ಚರಬಿಯ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಿಗೆಗೆ ಹೋದರು, ನಾನು ಹಿಂದೆ ಹೋದೆ. ಖಾದರ ಚಾಚಾ ಡಬ್ಬಿ ಇಸಿದುಕೊಳ್ಳಲಿಲ್ಲ, ಗೋಡೆಗೆ ಮುಖ ಮಾಡಿ ನಿಂತ.

"ಜಮಾದಾರ ಸಾಬ, ನೀವು ಬೆಕ್ಕಿನ ಹೇಲು ಕೈಲೆ ತೆಗೆಯೋ ಮಂದಿ. ನಿಮಗ ಹೇಸಿಗಿ ಅಂತ ಯಾರ ಮುಂದ ಹೇಳ್ತೀರಿ?"

"ಹೇಳಿ ಆಗ್ಯಾದ. ತಗೋ. ಇಲಿ ಬರ್ತಾವ, ಮನ್ಯಾಗ ಇಟ್ಕೋ."

"ಹಚ್ಚಿದ್ದು ಯಾರ್ರಿ?"

"ಮೂಸದ ಹಾಕಿದಾಂವ ನಾನು. ನೀ ಮಾತ್ರ ಮೂಸಿ ಹಾಕು," ಅಂದರು ಅಪ್ಪ. ಡಬ್ಬಿ ನೆಲಕ್ಕಿಟ್ಟು ಹೊರಬಂದರು.

ಔರಾದದ ದಾರಿಗೆ ಬಂಡಿ ಹೂಡಿದಾಗ ಮಾಮಾ ಕಳಿಸಲಿಕ್ಕೆ ಬಂದ. ಭಾಲ್ಕಿಗೆ ಮರಳಿ ಅಂಗಡಿ ತೆಗೆಯುವ ಉಮೇದಿನಲ್ಲಿದ್ದ. "ಆಗಿದ್ದು ಛಲೋನೇ ಆಯ್ತು ತಂಗಿ. ಬಸವಣ್ಣ ನಿನ್ನ ಮನಿ ಶುದ್ಧ ಮಾಡಿದ," ಅಂದ. ಬಂಡಿಯ ಗಾಲಿಯ ಪಕ್ಕ ನಿಂತಿದ್ದ ನಾನು ಬಗ್ಗಿ ಅವನ ಹೊಸ ಜೋಡಿನ ಮೇಲೆ ವಾಂತಿ ಮಾಡಿದೆ. ಬೇಕಂತ ಮಾಡಿದೆನೋ ತಾನೇ ಬಂತೋ ಇವತ್ತಿಗೂ ಹೇಳಲಾರೆ. ಆ ಮನೆಯಲ್ಲಿ ನನಗೆ ಹೇಸಿಗೆ ಅನಿಸಬೇಕಾದ್ದಕ್ಕೆ ಹೇಸಿಗೆ ಅನಿಸಿದ್ದು ಅದೇ ಮೊದಲು, ಅದೂ ಬಂಡಿ ಹೂಡಿದ ಮೇಲೆ.

ಚಿಂತಾಕಿಯಲ್ಲಿ ಅಪ್ಪ ಹೊಲ ಮಾಡಿದರು. ಅವರ ಕೈ ಈಗ ಬರೀ ಮಣ್ಣು, ಸೆಗಣಿ ವಾಸನೆ, ಮಾಮಾನಂಥವರೂ ಮೂಗು ಮುಚ್ಚದ ವಾಸನೆ. ಊಟಕ್ಕೆ ಕೂತಾಗ ನಾನು ಅವರ ಪಕ್ಕಕ್ಕೇ ಸರಿದು ಕೂರುತ್ತಿದ್ದೆ, ಬೆಲ್ಲ ತುಪ್ಪದ ತುತ್ತಿಗೆ ಕಾಯುತ್ತಿದ್ದೆ. ಅವರು ಹಿಡಿಯಲಿಲ್ಲ. ಒಂದು ದಿನ ನಾಚಿಕೆ ಬಿಟ್ಟು ನಾನೇ ಬಾಯಿ ತೆರೆದೆ. "ದೊಡ್ಡಾಕಿ ಆಗೀದಿ, ನಿನ್ನ ಕೈಲೆ ನೀ ಉಣ್ಣವ್ವ," ಅಂದರು. ಸಿಟ್ಟಿನಿಂದ ಅಂದದ್ದಲ್ಲ, ಸಿಟ್ಟಿನಿಂದ ಅಂದಿದ್ದರೆ ಬಹಳ ಛಲೋ ಇತ್ತು. ಆ ಸಂಗತಿಯನ್ನು ಅವರು ಎತ್ತಿದ್ದು ಒಮ್ಮೆ ಮಾತ್ರ. ಬಾವಿಯ ಕಟ್ಟೆಯ ಮೇಲೆ ಕೂತು ಮೋಟಕ್ಕೆ ಎಣ್ಣೆ ಹಚ್ಚುತ್ತಿದ್ದರು, ನಾನು ಚೀಲ ಹಿಡಿದು ನಿಂತಿದ್ದೆ. ಎಣ್ಣೆ ಕರ್ರಗೆ, ಮಂದಗೆ ಇತ್ತು.

"ಇದು ಸುಟ್ಟ ಕುಸುಬಿ ಎಣ್ಣಿ ನೀಲಾ. ಒಲಿ ಮ್ಯಾಲಿಂದಲ್ಲ. ಇದು ಚೀಲಕ್ಕ ಛಲೋ. ಹಿತ್ತಾಳಿ ಒಳಗ ಜಾರೋ ತೊಗಲಿಗಿ ಚರಬಿನೇ ಬೇಕು."

"ಹೂಂ ಅಪ್ಪಾ," ಅಂದೆ.

"ಹಂಗಂತ ನಾ ಮೊದಲ ಹೇಳಬೇಕಿತ್ತು," ಅಂದರು. ತಪ್ಪನ್ನು ಮತ್ತೆ ತಮ್ಮ ಕಡೆಗೇ ಎಳೆದುಕೊಂಡರು. ಅಂದಿನಿಂದ ಕುಸುಬಿ ಎಣ್ಣೆಯ ವಾಸನೆ ನನಗೆ ಆಗುವುದಿಲ್ಲ. ಮದುವೆಯಾಗಿ ಬಂದ ಮನೆಯಲ್ಲೂ ಶೇಂಗಾ ಎಣ್ಣೆಯಲ್ಲೇ ಒಗ್ಗರಣೆ. ಪಿತ್ತ ಅಂತ ಎಲ್ಲರಿಗೂ ಹೇಳಿಕೊಂಡು ಬಂದೆ.

ರಜೆಗೆ ಬಂದ ಆ ದಿನವೇ ಇದನ್ನೆಲ್ಲ ಗಂಗಾಳ ಮುಂದೆ ಹೇಳಿದೆ. ಆಕೆ ಬೂಟು ಬಿಚ್ಚದೆ ಹೊಸ್ತಿಲ ಮೇಲೆ ಕೂತು ಕೇಳಿದಳು.

"ಈಗೂ ಚರಬಿ ಹಚ್ತೀರೇನು?" ಅಂತ ಕೇಳಿದೆ.

"ಇಲ್ಲ ಆಯಿ. ಈಗ ರಬ್ಬರ, ಗ್ರೀಸು."

"ನೀ ಹಚ್ತೀಯೋ, ಬ್ಯಾರೇವ್ರು ಹಚ್ತಾರೋ?"

"ಹುಡುಗ್ರು ಹಚ್ತಾರ. ನಾ ನೋಡ್ತೀನಿ."

"ಬರೇ ನೋಡ್ತಿ?"

ಆಕೆ ನಕ್ಕಳು. "ಮುಟ್ಟಿ ನೋಡ್ತೀನಿ, ಮೂಸಿ ನೋಡ್ತೀನಿ. ನನ್ನ ಹಿಂದ ಎಲ್ಲಾರೂ ನಗ್ತಾರ, ಮೇಡಂ ನಾಯಿ ಹಂಗ ಮೂಸ್ತಾರ ಅಂತ. ನಿನ್ನೆ ಹೊರಡೂ ಮುಂಚೆನೂ ಮೂಸಿನೇ ಬಂದೀನಿ. ನೋಡು."

ಕೈ ಚಾಚಿದಳು. ಉಗುರ ಸಂದಿಯಲ್ಲಿ ಕಪ್ಪಗೆ ಜಿಡ್ಡು ಕೂತಿತ್ತು. ಯಾರೂ ಅವಳಿಗೆ ಕಲಿಸಿದ್ದಲ್ಲ. ನನ್ನ ಕಣ್ಣು ತುಂಬಿ ಏನೂ ಕಾಣದಂತಾಯಿತು. ಒಳಗಿನಿಂದ ರೊಟ್ಟಿ, ಬೆಲ್ಲ, ತುಪ್ಪ ತಂದು ಆಕೆಯ ಮುಂದಿಟ್ಟೆ. ಕೈ ತೊಳೆದು ಬರುತ್ತೇನೆ ಆಯಿ ಅಂತ ಎದ್ದವಳನ್ನು ಹಿಡಿದು ಕೂರಿಸಿದೆ.

"ತೊಳೀಬ್ಯಾಡ. ಮೊದಲ ನನಗ ಒಂದು ತುತ್ತು ಹಾಕು."

ಆಕೆ ನನ್ನ ಮುಖ ನೋಡಿದಳು. ರೊಟ್ಟಿ ಮುರಿದು, ಬೆಲ್ಲ ತುಪ್ಪ ಹಚ್ಚಿ ನನ್ನ ಬಾಯಿಗೆ ಹಿಡಿದಳು. ಬೆರಳು ಗಬ್ಬೆಂದು ನಾರುತ್ತಿತ್ತು. ಕಣ್ಣು ಮುಚ್ಚಿದೆ, ಮುಖ ತಿರುಗಿಸಲಿಲ್ಲ. ನುಂಗಿದೆ. ಇನ್ನೊಂದು ಹಾಕು ಅಂದೆ.